ತೋಟದ ಪಕ್ಕ ಟವರ್ ಬಂದರೆ ಹೊಟ್ಟೆಯಲ್ಲಿರುವ ಮಗುವಿನ ಮಿದುಳಿಗೆ ತೊಂದರೆ ಆಗುತ್ತಾ?

ಹೆಂಡತಿಗೆ ಐದು ತಿಂಗಳು, ಪಕ್ಕದ ಕಾಫಿ ತೋಟದಲ್ಲಿ ಮೊಬೈಲ್ ಟವರ್ ನಿಲ್ಲಿಸುತ್ತಿದ್ದಾರೆ, ಅವಳನ್ನು ತವರಿಗೆ ಕಳಿಸಲಾ ಅಂತ ಕೇಳಿದ್ದೀರಿ. ಟವರ್ ಕಾರಣಕ್ಕೆ ಕಳಿಸಬೇಕಾಗಿಲ್ಲ. ನಾನೂ ಬಸುರಿಯಾಗಿದ್ದಾಗ ನಾಪೋಕ್ಲು ಹತ್ತಿರದ ನಮ್ಮ ಮನೆಯಲ್ಲಿ ಇದೇ ಯೋಚನೆಯಲ್ಲಿ ನಿದ್ದೆ ಕೆಟ್ಟಿದ್ದೇನೆ.

ನಮ್ಮಲ್ಲಿ ಸಿಗ್ನಲ್ ಸಿಗುತ್ತಿದ್ದುದು ಅಡುಗೆಮನೆ ಕಿಟಕಿಯ ಒಂದು ಮೂಲೆಯಲ್ಲಿ, ಅದೂ ಒಂದೇ ಕಡ್ಡಿ. ಅಲ್ಲೇ ಒರಗಿಕೊಂಡು ಅಮ್ಮನ ಹತ್ತಿರ ಅರ್ಧ ಗಂಟೆ ಮಾತಾಡಿದರೆ ಫೋನ್ ಕಿವಿಗೆ ಬಿಸಿ ತಾಗುತ್ತಿತ್ತು. ತೋಟದ ಆಚೆ ತುದಿಯಲ್ಲಿರುವವರನ್ನು ಜೋರಾಗಿ ಕೂಗಿ ಕರೀಬೇಕಲ್ವಾ, ಹಾಗೇ ಟವರ್ ದೂರ ಇದ್ದಷ್ಟೂ ಫೋನ್ ಜಾಸ್ತಿ ಶಕ್ತಿ ಹಾಕಿ ಅಲೆ ಕಳಿಸಬೇಕು. ಟವರ್ ಹತ್ತಿರ ಬಂದರೆ ಅಷ್ಟು ಬೇಕಾಗಿಲ್ಲ. ಫೋನಿನಲ್ಲಿ ಮಾತಾಡುವವರ ಮೈಗೆ ತಾಗುವ ಅಲೆಯಲ್ಲಿ ದೊಡ್ಡ ಪಾಲು ಆ ಫೋನಿನದೇ. ಸ್ವಲ್ಪ ದೂರ ಇಟ್ಟರೂ ಸಾಕು, ಬೇಗ ಕಡಿಮೆಯಾಗುತ್ತದೆ. ನಾನು ಆಮೇಲೆ ಫೋನನ್ನು ಕಿಟಕಿ ಕಟ್ಟೆ ಮೇಲಿಟ್ಟು ಸ್ಪೀಕರ್ ಹಾಕಿ ಮಾತಾಡುತ್ತಿದ್ದೆ, ಅಷ್ಟೇ.

ಎಕ್ಸ್‌ರೇ ತರಹ ಡಿಎನ್‌ಎ ಮುರಿಯುವ ಶಕ್ತಿ ಈ ಅಲೆಗಳಿಗಿಲ್ಲ. ತುಂಬಾ ಜೋರಾಗಿದ್ದರೆ ಮೈ ಬಿಸಿ ಮಾಡುತ್ತವೆ, ಅದಕ್ಕೇ ಮಿತಿ ಇಟ್ಟಿರುವುದು. ನಮ್ಮ ದೇಶದಲ್ಲಿ 2012ರ ಸೆಪ್ಟೆಂಬರ್‌ನಲ್ಲಿ ಟವರ್‌ಗಳ ಮಿತಿಯನ್ನು ಅಂತರರಾಷ್ಟ್ರೀಯ ಮಿತಿಯ ಹತ್ತರಲ್ಲಿ ಒಂದು ಪಾಲಿಗೆ ಇಳಿಸಿದರು.

ವಾಟ್ಸಾಪ್‌ನಲ್ಲಿ ಓಡಾಡುವ ಭಯದ ಹಿಂದೆ ಒಂದು ನಿಜವಾದ ಅಧ್ಯಯನ ಇದೆ. 2008ರಲ್ಲಿ ಡೆನ್ಮಾರ್ಕ್‌ನ 13 ಸಾವಿರ ಮಕ್ಕಳನ್ನು ನೋಡಿದಾಗ, ಬಸುರಿಯಾಗಿದ್ದಾಗ ಫೋನ್ ಬಳಸಿದ ತಾಯಂದಿರ ಮಕ್ಕಳಲ್ಲಿ ಏಳನೇ ವಯಸ್ಸಿಗೆ ವರ್ತನೆಯ ತೊಂದರೆ ಜಾಸ್ತಿ ಕಂಡಿತ್ತು. ಆದರೆ 2017ರಲ್ಲಿ ನಾರ್ವೆಯ 45 ಸಾವಿರ ಮಕ್ಕಳ ಲೆಕ್ಕ ತಿರುಗಾಮುರುಗಾ ಬಂತು: ಫೋನ್ ಬಳಸಿದವರ ಮಕ್ಕಳೇ ಮೂರನೇ ವಯಸ್ಸಿಗೆ ಮಾತಿನಲ್ಲಿ ಸ್ವಲ್ಪ ಮುಂದೆ! ಅಲೆಯಿಂದ ಮಗು ಜಾಣ ಆಯಿತು ಅಂತ ಯಾರೂ ಹೇಳುವುದಿಲ್ಲ. ಫೋನಿನಲ್ಲಿ ಹೆಚ್ಚು ಮಾತಾಡುವ ತಾಯಿ ಮಗುವಿನ ಜೊತೆಗೂ ಹೆಚ್ಚು ಮಾತಾಡಿರಬಹುದು, ಅವಳ ಓದು, ಮನೆಯ ಸ್ಥಿತಿ ಬೇರೆ ಇರಬಹುದು. ಡೆನ್ಮಾರ್ಕ್ ಲೆಕ್ಕಕ್ಕೂ ಇದೇ ಮಾತು ಅನ್ವಯಿಸುತ್ತದೆ. ಇವೆರಡೂ ಫೋನಿನ ಲೆಕ್ಕ; ಟವರ್‌ನಿಂದಲೂ ಮಗುವಿನ ಮಿದುಳು ಕೆಡುತ್ತದೆ ಅಂತ ಸಾಬೀತಾಗಿಲ್ಲ.

ನನಗೆ ಇದಕ್ಕಿಂತ ಜಾಸ್ತಿ ಚಿಂತೆ ಇರುವುದು ಹುಟ್ಟಿದ ಮೇಲಿನ ಫೋನಿನ ಬಗ್ಗೆ. ಜೂನ್, ಜುಲೈ ಮಳೆಯಲ್ಲಿ ಹೊರಗೆ ಬಿಡೋಕಾಗಲ್ಲ ಅಂತ ಕೂಸಿನ ಕೈಗೆ ಫೋನ್ ಕೊಟ್ಟು ಕೂರಿಸುತ್ತೇವೆ. ವರ್ಷ ತುಂಬದ ಮಗುವಿಗೆ ಸ್ಕ್ರೀನ್ ಬೇಡವೇ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ.

ಮಿದುಳು ಬೆಳೆಯೋಕೆ ಈಗ ಬೇಕಾಗಿರುವುದು ಕಬ್ಬಿಣ, ಅಯೋಡಿನ್. ಉಪ್ಪು ಅಯೋಡಿನ್ ಇರುವುದೇ ತನ್ನಿ. ಐದು ತಿಂಗಳು ಅಂದರೆ ಆಶಾ ಕಾರ್ಯಕರ್ತೆ ಕೊಡುವ ಕಬ್ಬಿಣದ ಮಾತ್ರೆ ಶುರುವಾಗಿರಬೇಕು, ದಿನಾ ನುಂಗುತ್ತಿದ್ದಾರಾ ಅಂತ ಇವತ್ತೇ ಕೇಳಿ.