ಮೈಸೂರು ಕುವೆಂಪುನಗರದ ಬ್ಯೂಟಿ ಪಾರ್ಲರ್ ಆರೂವರೆ ಲಕ್ಷಕ್ಕೆ ಕೊಳ್ಳಬಹುದಾ?

ನಡೀತಿರೋ ಪಾರ್ಲರನ್ನ ಆರೂವರೆ ಲಕ್ಷಕ್ಕೆ ಯಾಕೆ ಬಿಡ್ತಿದ್ದಾರೆ ಅಂತ ಕೇಳಿದ್ದೀರಿ. ಹೆಚ್ಚಾಗಿ ಬಾಡಿಗೆ ಕರಾರು ಮುಗೀತಾ ಬಂದಿರತ್ತೆ, ಇಲ್ಲಾ ಕೈ ಪಳಗಿದ ಹುಡುಗಿ ಕೆಲಸ ಬಿಟ್ಟಿರ್ತಾಳೆ. ನಾನು ಸರಸ್ವತಿಪುರಂನಲ್ಲಿ ಕೊಂಡಾಗ ಎರಡನೇದು. ಐಬ್ರೋಗೆ ಬಂದವರು ಬಾಗಿಲಲ್ಲೇ ನಿಂತು "ಅವ್ರಿಲ್ವಾ?" ಅಂತ ಕೇಳಿ ವಾಪಸ್ ಹೋಗ್ತಿದ್ರು.

ಮೊದಲು ಕಟ್ಟಡದ ಮಾಲೀಕರನ್ನ ನೀವೇ ನೋಡಿ. ಹೊಸ ಕರಾರು ನಿಮ್ಮ ಹೆಸರಿಗೆ ಮಾಡ್ಕೊಡ್ತಾರಾ, ಹಳೇ ಅಡ್ವಾನ್ಸ್ ಯಾರಿಗೆ ಸೇರತ್ತೆ, ಎಲ್ಲಾ ಬರವಣಿಗೆಯಲ್ಲಿರಲಿ. ಆಮೇಲೆ ಅಪಾಯಿಂಟ್‌ಮೆಂಟ್ ಪುಸ್ತಕ, ಒಂದು ವರ್ಷದ ಯುಪಿಐ ಸ್ಟೇಟ್‌ಮೆಂಟ್ ಕೇಳಿ. ದಸರಾ ತಿಂಗಳದ್ದು ತೋರಿಸಿದ್ರೆ ಆಷಾಢದ್ದೂ ಕೇಳಿ; ಮದುವೆ ಇಲ್ಲದ ತಿಂಗಳಲ್ಲಿ ಬಾಡಿಗೆ ಗಿಟ್ಟತ್ತಾ ಅನ್ನೋದೇ ಲೆಕ್ಕ. ಪಾಲಿಕೆಯ ಟ್ರೇಡ್ ಲೈಸೆನ್ಸ್ ನಿಮ್ಮ ಹೆಸರಿಗೆ ಆಗ್ಬೇಕು.

ಸಾಮಾನಿನ ಪಟ್ಟಿಯಲ್ಲಿರೋ ಟ್ಯಾನಿಂಗ್ ಬೆಡ್‌ಗೆ (ಯುವಿ ದೀಪದಿಂದ ಮೈ ಬಣ್ಣ ಕಂದು ಮಾಡೋ ಹಾಸಿಗೆ) ಒಂದು ರೂಪಾಯಿನೂ ಕೊಡ್ಬೇಡಿ. ಮೈಸೂರಲ್ಲಿ ಬರೋರೆಲ್ಲ ಬಿಸಿಲಿಗೆ ಕಪ್ಪಾಗಿದ್ದನ್ನ ತೆಗೆಸೋ ಡಿ-ಟ್ಯಾನ್ ಕೇಳೋರು! ಅದೂ ಅಲ್ದೆ 2009ರಲ್ಲೇ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಟ್ಯಾನಿಂಗ್ ಬೆಡ್ಡನ್ನ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ, ಅಂದ್ರೆ ಮನುಷ್ಯರಿಗೆ ಕ್ಯಾನ್ಸರ್ ತರತ್ತೆ ಅಂತ ಖಚಿತವಾದವುಗಳ ಗುಂಪಿಗೆ, ಸೇರಿಸಿದೆ.

ಅಲ್ಲಿರೋ ಇಬ್ಬರು ಹುಡುಗಿಯರು ಉಳೀತಾರಾ ಅನ್ನೋದು ದೂರದಿಂದ ಹೇಳೋ ಮಾತಲ್ಲ. ಒಂದು ಶನಿವಾರ ಗಿರಾಕಿ ಥರ ಹೋಗಿ ಕೂತು ನೋಡಿ, ಅಲ್ಲಿವರೆಗೂ ಟೋಕನ್ ದುಡ್ಡು ಕೊಡ್ಬೇಡಿ.