ಪೇಂಟ್ ಬೂತ್‌ನ ಥಿನ್ನರ್ ಆವಿಗೆ ಬಯೋಫಿಲ್ಟರ್ ಸಾಕಾಗುತ್ತದೆಯೇ?

ಗಂಟೆಗೆ 3,600 ಘನ ಮೀಟರ್ ಗಾಳಿ ಹೊರಹಾಕುವ ಪೇಂಟ್ ಬೂತ್‌ನ ಥಿನ್ನರ್ ಆವಿಯನ್ನು ಇದ್ದಿಲಿನ ಬದಲು ಕಾಂಪೋಸ್ಟ್ ಮತ್ತು ತೆಂಗಿನ ನಾರು ತುಂಬಿದ ಬಯೋಫಿಲ್ಟರ್‌ನಿಂದ ಶುದ್ಧಗೊಳಿಸಬಹುದೇ ಎಂದು ಕೇಳಿದ್ದೀರಿ. ಇಂಥ ಫಿಲ್ಟರ್‌ಗಳನ್ನು ನೋಡಿಕೊಳ್ಳುವ ಕೆಲಸ ನನ್ನದು. ಖಂಡಿತ ಸಾಧ್ಯ, ಆದರೆ ಜಾಗವಿರಬೇಕು ಮತ್ತು ತೇವವನ್ನು ಕಾಯುವವರಿರಬೇಕು.

ಥಿನ್ನರ್‌ನಲ್ಲಿರುವ ಟಾಲುಯೀನ್‌ನಂಥ ದ್ರಾವಕದ ಆವಿಯು ಹಾಸಿನೊಳಗೆ, ಅಂದರೆ ತುಂಬಿದ ಕಾಂಪೋಸ್ಟ್ ಮತ್ತು ನಾರಿನ ಪದರದೊಳಗೆ, ಸುಮಾರು ಒಂದು ನಿಮಿಷವಾದರೂ ಇರಬೇಕಾಗುವುದರಿಂದ, ಸೆಕೆಂಡಿಗೆ ಒಂದು ಘನ ಮೀಟರ್‌ನಷ್ಟಿರುವ ನಿಮ್ಮ ಗಾಳಿಗೆ 60 ಘನ ಮೀಟರ್ ಹಾಸು ಬೇಕು. ಒಂದು ಮೀಟರ್ ಆಳಕ್ಕೆ ತುಂಬಿದರೆ ಅದು 60 ಚದರ ಮೀಟರ್ ನೆಲವನ್ನು ಹಿಡಿಯುತ್ತದೆ. ಅಷ್ಟು ನೆಲವಿಲ್ಲದಿದ್ದರೆ ಇದ್ದಿಲೇ ಸರಿ. ಆದರೆ ಇದ್ದಿಲು ಆವಿಯನ್ನು ಹಿಡಿದಿಟ್ಟುಕೊಳ್ಳುತ್ತದೆಯೇ ಹೊರತು ನಾಶಮಾಡುವುದಿಲ್ಲ; ಬಯೋಫಿಲ್ಟರ್‌ನ ಹಾಸಿನಲ್ಲಿ ಬೆಳೆಯುವ ಬ್ಯಾಕ್ಟೀರಿಯಾಗಳಾದರೋ ಅದನ್ನು ಇಂಗಾಲದ ಡೈಆಕ್ಸೈಡ್ ಮತ್ತು ನೀರಾಗಿ ಒಡೆಯುತ್ತವೆ. ಈ ಕಾರಣಕ್ಕಾಗಿಯೇ ನನಗೆ ಬಯೋಫಿಲ್ಟರ್ ಮೇಲೆ ಒಲವು.

ಹಾಸಿನ ಕಣಗಳ ಮೇಲಿನ ತೆಳುವಾದ ನೀರಿನ ಪದರದಲ್ಲಿ ಕರಗಿದ ಆವಿಯನ್ನಷ್ಟೇ ಬ್ಯಾಕ್ಟೀರಿಯಾಗಳು ತಿನ್ನಬಲ್ಲವು. ಥಿನ್ನರ್‌ನ ದ್ರಾವಕಗಳಲ್ಲಿ ಆಲ್ಕೋಹಾಲ್ ಮತ್ತು ಈಥೈಲ್ ಅಸಿಟೇಟ್ ಸುಲಭವಾಗಿ ಹೋಗುತ್ತವೆ. ಟಾಲುಯೀನ್ ಅನ್ನು ಸ್ಯೂಡೊಮೊನಾಸ್ ಪುಟಿಡಾದಂಥ ಬ್ಯಾಕ್ಟೀರಿಯಾಗಳು ನಿಧಾನವಾಗಿ ಮುಗಿಸುತ್ತವೆ. ನೀರಿನಲ್ಲಿ ಕರಗಲು ಒಲ್ಲದ ಹೆಕ್ಸೇನ್ ಬಹುಪಾಲು ಹಾಗೆಯೇ ದಾಟಿಹೋಗುತ್ತದೆ. ಕ್ಲೋರಿನ್ ಇರುವ ದ್ರಾವಕಗಳನ್ನು ಮಾತ್ರ ದಯವಿಟ್ಟು ಫಿಲ್ಟರ್‌ನೊಳಗೆ ಹೋಗಗೊಡಬೇಡಿ, ಅವು ಒಡೆದಾಗ ಉಂಟಾಗುವ ಹೈಡ್ರೋಕ್ಲೋರಿಕ್ ಆಮ್ಲ ಹಾಸನ್ನೇ ಹುಳಿಯಾಗಿಸಿ ಜೀವಿಗಳನ್ನು ಕೊಲ್ಲುತ್ತದೆ.

ಇಂಥ ಫಿಲ್ಟರ್‌ಗಳು ಸೋಲುವುದು ಹೆಚ್ಚಾಗಿ ಒಣಗುವುದರಿಂದ. ಆವಿ ಒಡೆಯುವಾಗ ಶಾಖವೂ ಹುಟ್ಟುವುದರಿಂದ, ತೇವ ಸಾಲದ ಗಾಳಿ ಒಳಬರುವ ಕಡೆಯ ಹಾಸು ಮೊದಲು ಒಣಗಿ, ಕುಗ್ಗಿ, ಬಿರುಕು ಬಿಡುತ್ತದೆ. ಆಮೇಲೆ ಗಾಳಿಯೆಲ್ಲ ಆ ಬಿರುಕಿನಲ್ಲೇ ನುಗ್ಗುತ್ತದೆ, ಮೇಲ್ಭಾಗ ಒದ್ದೆಯಾಗಿ ಕಂಡರೂ ವಾಸನೆ ಹೋಗುವುದಿಲ್ಲ. ಆದ್ದರಿಂದ ಗಾಳಿಯನ್ನು ಮೊದಲು ನೀರು ಸಿಂಪಡಿಸುವ ಕೋಣೆಯಲ್ಲಿ ಹಾಯಿಸಿ. ವಾರಕ್ಕೊಮ್ಮೆ ಗಾಳಿ ಒಳಬರುವ ಬದಿಯಿಂದಲೇ ಒಂದು ಹಿಡಿ ತೆಗೆದು ಹಿಂಡಿ ನೋಡಿ: ಉಂಡೆ ನಿಲ್ಲಬೇಕು, ಬೆರಳುಗಳು ಒದ್ದೆಯಾಗಬೇಕು, ನೀರು ಸುರಿಯಬಾರದು. ಸುರಿದರೆ ರಂಧ್ರಗಳು ಮುಚ್ಚಿ ಫ್ಯಾನಿನ ಮೇಲೆ ಹೊರೆ ಬೀಳುತ್ತದೆ.

ಪೇಂಟಿನ ಹನಿಗಳನ್ನು ನೀರು ಸಿಂಪಡಿಸುವ ಕೋಣೆಗೂ ಮುಂಚೆ ಬೇರೆ ಫಿಲ್ಟರ್‌ನಲ್ಲಿ ತಡೆಯಿರಿ, ಇಲ್ಲದಿದ್ದರೆ ಹಾಸು ಅಂಟುಗಟ್ಟುತ್ತದೆ. ಆರಂಭದಲ್ಲಿ ಕೊಳಚೆ ನೀರು ಶುದ್ಧೀಕರಣ ಘಟಕದ ಜೀವಂತ ಕೆಸರನ್ನು ಬೆರೆಸಿ, ಜೀವಿಗಳು ಟಾಲುಯೀನ್‌ಗೆ ಒಗ್ಗಿಕೊಳ್ಳಲು ಕೆಲವು ವಾರ ಕೊಡಿ. ಅಲ್ಲಿಯವರೆಗೆ ಇದ್ದಿಲ ಫಿಲ್ಟರನ್ನು ಕಳಚಬೇಡಿ.