ಬಾಸ್ ಸಿಕ್ಕಿಬಿದ್ದ ಕಾರ್ಯಾಚರಣೆಗೆ ‘ಸೂರ್ಯಾಸ್ತ’ ಅಂತ ಹೆಸರೇಕೆ?

ಪ್ರಶ್ನೆ: ಇಟಲಿಯ ಮಾಫಿಯಾ ಬಾಸ್ ಮತ್ತೇಯೊ ಮೆಸ್ಸಿನಾ ದೆನಾರೊನನ್ನು ಹಿಡಿದ ಕಾರ್ಯಾಚರಣೆಗೆ ‘ತ್ರಮೊಂತೊ’, ಅಂದರೆ ಸೂರ್ಯಾಸ್ತ ಅಂತ ಹೆಸರಿಟ್ಟಿದ್ದರಂತೆ. ಅವನ ಕಾಲ ಮುಗಿಯಿತು ಅಂತಲಾ? ಇಂಥ ಹೆಸರು ಎಲ್ಲಿಂದ ಬರುತ್ತವೆ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಹಾಗನ್ನಿಸೋದು ಸಹಜ. ಆದರೆ ಅದು ಬಾಸ್‌ನ ಬಗ್ಗೆ ಇಟ್ಟ ಹೆಸರಲ್ಲ. ಒಂಬತ್ತು ವರ್ಷದ ಹುಡುಗಿಯೊಬ್ಬಳು ಬರೆದ ಪದ್ಯದ ಹೆಸರು.

1993ರ ಮೇ 27ರಂದು, ಊರೆಲ್ಲ ಮಲಗಿದ್ದ ಹೊತ್ತಿನಲ್ಲಿ, ಫ್ಲಾರೆನ್ಸ್‌ನ ಜಾರ್ಜೋಫಿಲಿ ಬೀದಿಯಲ್ಲಿ ಮಾಫಿಯಾದವರು ವಾಹನದಲ್ಲಿ ಇಟ್ಟಿದ್ದ ಬಾಂಬ್ ಸಿಡಿಯಿತು. ಐದು ಜನ ಸತ್ತರು. ಅವರಲ್ಲಿ ನಾಲ್ವರು ಒಂದೇ ಮನೆಯವರು: ನಾದಿಯಾ ನೆಂಚೋನಿ, ಅವಳ ಅಪ್ಪ, ಅಮ್ಮ, ಎರಡು ತಿಂಗಳೂ ತುಂಬದ ತಂಗಿ. ಅದಕ್ಕೆ ಕೆಲವೇ ದಿನ ಮೊದಲು ನಾದಿಯಾ ‘ಸೂರ್ಯಾಸ್ತ’ ಅಂತ ಒಂದು ಪದ್ಯ ಬರೆದಿದ್ದಳು.

ಆ ಸ್ಫೋಟಕ್ಕೆ ಶಿಕ್ಷೆಯಾದವರಲ್ಲಿ ಮೆಸ್ಸಿನಾ ದೆನಾರೊ ಕೂಡ ಒಬ್ಬ. ಅದೇ ವರ್ಷ ತಲೆಮರೆಸಿಕೊಂಡವನು ಸುಮಾರು 30 ವರ್ಷ ಸಿಗಲೇ ಇಲ್ಲ. 2023ರ ಜನವರಿ 16ರ ಬೆಳಗ್ಗೆ ಕ್ಯಾನ್ಸರ್ ಚಿಕಿತ್ಸೆಗೆಂದು ಪಲೆರ್ಮೊದ ಕ್ಲಿನಿಕ್ಕಿಗೆ ಬಂದಾಗ ಕರಾಬಿನಿಯೇರಿ ಪೊಲೀಸರು ಸುತ್ತುವರಿದರು. ಕ್ಲಿನಿಕ್ಕಿನ ದಾಖಲೆಯಲ್ಲಿ ಇದ್ದದ್ದು ಬೇರೆಯವರ ಹೆಸರು. ಪೊಲೀಸರು ಕೇಳಿದಾಗ ಮಾತ್ರ ತನ್ನ ನಿಜವಾದ ಹೆಸರನ್ನೇ ಹೇಳಿದ.

ಎಲ್ಲ ಹೆಸರಿಗೂ ಇಷ್ಟು ಭಾರ ಇರುವುದಿಲ್ಲ ಬಿಡಿ. 2008ರ ಕಾರ್ಯಾಚರಣೆಯ ಹೆಸರು ‘ಪೆರ್ಸೇಯೊ’ ಗ್ರೀಕ್ ಕಥೆಯಿಂದ ಬಂದದ್ದು. ಮೆಡೂಸಾ ಅನ್ನೋ ರಾಕ್ಷಸಿಯ ತಲೆ ಕಡಿದ ವೀರ ಅವನು. ಸಿಸಿಲಿಯ ಬಾಸ್‌ಗಳು ‘ಕೂಪೊಲಾ’ ಅನ್ನೋ ತಮ್ಮ ಮೇಲಿನ ಮಂಡಳಿಯನ್ನು ಮತ್ತೆ ಕಟ್ಟಲು ಹೊರಟಿದ್ದರು. ಆ ತಲೆಯನ್ನೇ ಪೊಲೀಸರು ಕತ್ತರಿಸಿದರು. ಹತ್ತು ವರ್ಷ ಕಳೆಯಿತು, ಮತ್ತೆ ಅದೇ ಪ್ರಯತ್ನ. 2018ರ ಕಾರ್ಯಾಚರಣೆಗೆ ಇಟ್ಟ ಹೆಸರು ‘ಕೂಪೊಲಾ 2.0’. ಮೊಬೈಲ್ ಆ್ಯಪ್‌ಗೆ ಅಪ್‌ಡೇಟ್ ಬಂದ ಹಾಗೆ! 2019ರಲ್ಲಿ ದಕ್ಷಿಣ ಇಟಲಿಯ ಕಲಾಬ್ರಿಯದ ’ನ್ದ್ರಾಂಗೆತಾ ಅನ್ನೋ ಮಾಫಿಯಾ ಗುಂಪಿನ ಮೇಲೆ ನಡೆದ ‘ರಿನಾಶಿತಾ-ಸ್ಕಾಟ್’ನಲ್ಲಿ ಮೊದಲ ಪದಕ್ಕೆ ಮರುಹುಟ್ಟು ಅಂತ ಅರ್ಥ. ಸ್ಕಾಟ್ ಅನ್ನೋದು ತೀರಿಹೋಗಿದ್ದ ಒಬ್ಬ ಅಮೆರಿಕನ್ ಅಧಿಕಾರಿಯ ನೆನಪಿಗೆ.

ಕೆಲವೊಮ್ಮೆ ಆರೋಪಿಯೇ ಹೆಸರು ಕೊಟ್ಟುಬಿಡುತ್ತಾನೆ. ಮೇಲೆ ಬದುಕಿದವರು, ಕೆಳಗೆ ಸತ್ತವರು, ನಾವು ನಡುವೆ ಅಂತ ರೋಮ್‌ನ ಮಾಸ್ಸಿಮೊ ಕಾರ್ಮಿನಾತಿ ಆಡಿದ ಮಾತನ್ನು ಪೊಲೀಸರು ಕದ್ದು ಕೇಳಿದ್ದರು. 2014ರ ಆ ಕೇಸಿಗೆ ‘ನಡುವಣ ಲೋಕ’ ಅಂತಲೇ ಹೆಸರಾಯಿತು. ‘ಮಾಫಿಯಾ ಕಾಪಿತಾಲೆ’, ಅಂದರೆ ರಾಜಧಾನಿಯ ಮಾಫಿಯಾ, ಅಂತಲೂ ಕರೆದರು. 2019ರಲ್ಲಿ ಇಟಲಿಯ ಸುಪ್ರೀಂ ಕೋರ್ಟ್ ಇದು ಮಾಫಿಯಾನೇ ಅಲ್ಲ ಅಂದಿತು. ಆದರೂ ಆ ಹೆಸರು ಪೂರ್ತಿ ಅಳಿಸಿಹೋಗಲಿಲ್ಲ.